ಸವೆಯದ ಅಟ್ಟೆ

ಮೊಳೆಯಕ್ಕ ಬಾಯಿಂದ ಮೊಳೆ ತೆಗೆದಳು ಎಂದರೆ ಎದುರಿಗಿದ್ದವರು ಹುಷಾರಾಗಬೇಕಿತ್ತು.

ಬಸ್ ನಿಲ್ದಾಣದ ಎದುರಿಗೆ, ಅಂಚೆ ಕಚೇರಿಯ ಕಾಂಪೌಂಡಿಗೆ ಒರಗಿಸಿ ಕಟ್ಟಿದ ಒಂದು ತಗಡಿನ ಮಾಡು. ಅದರ ಕೆಳಗೆ ಮರದ ಪೆಟ್ಟಿಗೆ, ಬೂಟು ಕವುಚಿ ಹಾಕುವ ಮೂರು ಕವಲಿನ ಕಬ್ಬಿಣ, ತೊಗಲು ಕೊಯ್ಯುವ ರಂಪಿಗೆ, ದಬ್ಬಳ, ಅಂಚು ಉಜ್ಜುವ ಅರ, ಅಂಟಿನ ಡಬ್ಬಿ. ಇವುಗಳ ನಡುವೆ ಕಾಲು ಚಾಚಿ ಕೂತ ಹೆಂಗಸಿನ ತುಟಿಗಳ ಸಂದಿಯಲ್ಲಿ ಯಾವಾಗಲೂ ಏಳು ಸಣ್ಣ ಮೊಳೆ. ಸುತ್ತಿಗೆ ಆಡುವಷ್ಟು ಹೊತ್ತು ಬಾಯಿ ಬಂದ್. ಗಿರಾಕಿಗಳು ಏನು ಗೊಣಗಿದರೂ ಹುಬ್ಬಿನಲ್ಲೇ ಉತ್ತರ. ಆದರೆ ಯಾವನಾದರೂ ಅಳತೆ ಮೀರಿ ಮಾತಾಡಿದನೋ, ಆಕೆ ಸುತ್ತಿಗೆ ಕೆಳಗಿಟ್ಟು ಒಂದೊಂದೇ ಮೊಳೆಯನ್ನು ಬಾಯಿಂದ ತೆಗೆದು ಅಂಗೈಗೆ ಹಾಕಿಕೊಳ್ಳುತ್ತಿದ್ದಳು. ಏಳನೆಯ ಮೊಳೆ ಹೊರಗೆ ಬರುವ ಹೊತ್ತಿಗೆ ಎದುರಿನವನ ಅರ್ಧ ಜೀವ ಹೋಗಿರುತ್ತಿತ್ತು. ತಂದೆತಾಯಿ ಇಟ್ಟ ಹೆಸರು ಸರ್ಕಾರದ ಕಾಗದಗಳಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಆಕೆ ಮೊಳೆಯಕ್ಕ.

ಆ ಪೆಟ್ಟಿಗೆ ಮೊದಲು ಗಂಡನದು. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಈಕೆ ಬಂದು ಅದೇ ಜಾಗದಲ್ಲಿ ಕೂತಳು. ಹೆಂಗಸು ಬೂಟು ಹೊಲಿಯುವುದುಂಟೇ ಎಂದು ಮೂಗು ಮುರಿದವರೇ ಎಲ್ಲ. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ಮಳೆ ಹಿಡಿಯಿತು, ಎಲ್ಲರ ಚಪ್ಪಲಿಯೂ ಕಿತ್ತುಹೋಯಿತು, ಎಲ್ಲರೂ ಬಂದರು. ಕೆಲಸವನ್ನು ಆಕೆಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ಗಂಡನ ಕೈ ನೋಡುತ್ತಾ ಕಣ್ಣೇ ಕಲಿತದ್ದು. ಓದು ಮೂರನೆಯ ಇಯತ್ತೆಗೆ ನಿಂತಿತ್ತು. ಆಮೇಲಿನದನ್ನು ರಿಪೇರಿಗೆ ಬಂದ ಬೂಟುಗಳ ಹೊಟ್ಟೆಗೆ ತುರುಕಿದ್ದ ಹಳೇ ಪೇಪರುಗಳಿಂದ ಓದಿಕೊಂಡಳು. ಹಾಗಾಗಿ ಅವಳಿಗೆ ದೇಶದ ಸುದ್ದಿಯೆಲ್ಲ ಗೊತ್ತಿತ್ತು, ಆದರೆ ಆರು ತಿಂಗಳು ತಡವಾಗಿ.

ಅಟ್ಟೆ ಓದುವುದರಲ್ಲಿ ಮಾತ್ರ ಅವಳು ತಡ ಮಾಡಿದವಳಲ್ಲ. ಚಪ್ಪಲಿ ತಿರುಗಿಸಿ ತಳ ನೋಡಿದಳೆಂದರೆ ಸಾಕು, ಇವನು ಸೈಕಲ್ ತುಳಿಯುತ್ತಾನೆ, ಇವಳಿಗೆ ಸೊಂಟ ನೋವಿದೆ, ಈತ ಕಾಲು ಎಳೆದು ನಡೆಯುವ ಸೋಮಾರಿ ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದಳು. ಮುಖ ನೋಡಿ ಹೇಳುವವರು ತಪ್ಪಬಹುದು, ತಳ ನೋಡಿ ಹೇಳುವವಳು ತಪ್ಪುವುದಿಲ್ಲ ಎಂಬುದು ಅವಳ ಜಂಬ.

ಮನೆಯಲ್ಲಿ ಮೂವರು: ತಾನು, ಮಗಳು, ಮಗಳ ಮಗಳು. ಅಳಿಯ ಎಂಬುವನು ಎಂದೋ ಕಂಬಿ ಕಿತ್ತಿದ್ದ. ಮಗಳು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ ಮಾಡುವವಳು. ಮೊಮ್ಮಗಳಿಗೆ ಒಂಬತ್ತು ವರ್ಷ. ಹುಟ್ಟುವಾಗ ಉಸಿರು ಕಟ್ಟಿ ಎರಡೂ ಕಾಲು ಬಿಗಿದುಕೊಂಡಿದ್ದವು, ಅದರಲ್ಲಿ ಬಲಗಾಲು ಹೆಚ್ಚು. ಮಾತು ಎಳೆದೆಳೆದು ಬರುತ್ತಿತ್ತು, ಬುದ್ಧಿ ಮಾತ್ರ ರಂಪಿಗೆಯಷ್ಟೇ ಹರಿತ. ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ಹಿಡಿದ ಹಟ ಬಿಡುವವಳಲ್ಲ. ಅದಕ್ಕೇ ಅಜ್ಜಿ ಅವಳನ್ನು ಚಂಡಿ ಎಂದು ಕರೆಯುತ್ತಿದ್ದಳು. ಆ ಹೆಸರೇ ಮುಂದೆ ಮಗುವಿಗೆ ಮುಳುವಾದದ್ದು.

ಚಂಡಿಗೆ ಐದು ವರ್ಷವಾದಾಗ ಆಸ್ಪತ್ರೆಯವರು ಕ್ಯಾಲಿಪರ್ ಕೊಟ್ಟರು. ಕಾಲಿನ ಎರಡೂ ಮಗ್ಗುಲಿಗೆ ಕಬ್ಬಿಣದ ಕಂಬಿ, ಮೊಣಕಾಲಿಗೆ ಪಟ್ಟಿ, ಕೆಳಗೊಂದು ಬೂಟು. ಆ ಬೂಟು ಎಂಟೇ ದಿನದಲ್ಲಿ ಮಗುವಿನ ಹರಡಿನ ಚರ್ಮ ಕಿತ್ತುಹಾಕಿತು. ಮೊಳೆಯಕ್ಕ ಯಾರನ್ನೂ ಬೈಯಲಿಲ್ಲ. ಬೂಟನ್ನು ತಂದು ಒಂದೊಂದೇ ಹೊಲಿಗೆ ಬಿಚ್ಚಿ, ಅದರ ಕರುಳು ಹೊರತೆಗೆದು ನೋಡಿದಳು. ಎರಡು ಜೊತೆ ಕೆಡಿಸಿದಳು. ಮೂರನೆಯ ಜೊತೆ ಸರಿಹೋಯಿತು: ಹಿಮ್ಮಡಿಯ ಹೊರಗಡೆ ಒಂದು ಬೆರಳು ಎತ್ತರ, ಕಂಬಿಯ ತುದಿ ಕೂರಲು ಹಿಮ್ಮಡಿಯೊಳಗೆ ಅಡ್ಡಲಾಗಿ ಒಂದು ಹಿತ್ತಾಳೆ ಕೊಳವೆ, ಒಳಗೆ ಬಿಳಿ ಉಣ್ಣೆಯ ಮೆತ್ತೆ. ಅಟ್ಟೆಗೆ ಹತ್ತೊಂಬತ್ತು ಹಿತ್ತಾಳೆ ಮೊಳೆ ಬಡಿದು, ಮೇಲೆ ಮೊಳೆ ತಲೆಯೂ ಸೇರಿ ಮುಚ್ಚುವಂತೆ ಕಪ್ಪು ಬಣ್ಣ. ಮೂಳೆ ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಕಂಪನಿಯದು ಎಂದು ಕೇಳಿದರು. ಅಂಚೆ ಕಚೇರಿ ಗೋಡೆ ಕಂಪನಿಯದು ಎಂದಳು ಮೊಳೆಯಕ್ಕ.

ಅಲ್ಲಿಂದ ಮುಂದೆ ಚಂಡಿ ಸೇರಿದ ವಿಶೇಷ ಶಾಲೆಯ ಮಕ್ಕಳಿಗೆಲ್ಲ ಕಂಬಿ ಬೂಟು ಮಾಡಿಕೊಡುವ ಕೆಲಸ ಅವಳದೇ ಆಯಿತು. ಚಂಡಿಯದು ಸೇರಿ ಹನ್ನೊಂದು ಜೊತೆ. ಯಾವ ಮಗು ಯಾವ ಕಡೆಗೆ ವಾಲುತ್ತದೆ, ಯಾವುದರ ಹೆಬ್ಬೆರಳು ಸೊಟ್ಟ, ಎಲ್ಲ ಬಾಯಿಪಾಠ. ವರ್ಷದ ಮೊದಲಿಗೆ ಪಾದದ ಗೆರೆ ಎಳೆದುಕೊಂಡು ಬಂದು, ಬೂಟು ಮಾಡಿ ಶಾಲೆಗೆ ಒಪ್ಪಿಸಿಬಿಟ್ಟರೆ ಮುಗಿಯಿತು. ಬೂಟು ಶಾಲೆಯ ಬೀರುವಿನಲ್ಲೇ ಇರಬೇಕು ಎಂಬುದು ಅಲ್ಲಿಯ ನಿಯಮ. ಮನೆಗೆ ಕೊಟ್ಟರೆ ಮನೆಯವರು ಹೇಗೆಂದರೆ ಹಾಗೆ ನಡೆಸಿ ಕಾಲು ಕೆಡಿಸುತ್ತಾರಂತೆ. ಶಾಲೆಗೆ ಸರ್ಕಾರದ ನೆರವಿತ್ತು, ನೆರವಿನ ಜೊತೆಗೆ ಷರತ್ತೂ ಇತ್ತು: ಪ್ರತಿ ಮಗುವಿಗೂ ದಿನಕ್ಕೊಂದು ಗಂಟೆ ನಡಿಗೆ ಮೇಷ್ಟ್ರಿಂದ ತರಬೇತಿ. ಅದು ನಡೆಯುತ್ತಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ತಪಾಸಣೆ. ಮೊಳೆಯಕ್ಕನಿಗೆ ಇಷ್ಟು ಸಾಕಾಗಿತ್ತು. ಸರ್ಕಾರ ನೋಡುತ್ತಿದೆ ಎಂದರೆ ಯಾರೋ ಕಣ್ಣಿಟ್ಟು ನೋಡುತ್ತಿದ್ದಾರೆ ಎಂದೇ ಅವಳ ತಿಳಿವಳಿಕೆ.

ಆದರೆ ಚಂಡಿ ಮನೆಗೆ ಬಂದು ಹೇಳಿದ್ದಳು. ಒಂದು ಸಲವಲ್ಲ, ನಾಲ್ಕು ಸಲ. ನಡೆಸಲ್ಲ ಅಜ್ಜಿ, ಬೂಟು ಹಾಕಲ್ಲ, ಚಾಪೆ ಮೇಲೆ ಕೂರಿಸ್ತಾರೆ ಅಂತ. ನಾಲ್ಕನೆಯ ಸಲ ಮೊಳೆಯಕ್ಕ ಶಾಲೆಗೆ ಹೋದಳು. ಅಲ್ಲಿಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಆಕೆ ದಪ್ಪ ಪುಸ್ತಕ ತೆರೆದು ತೋರಿಸಿದಳು. ಸಾಲು ಸಾಲಾಗಿ ತಾರೀಕು, ಎದುರಿಗೆ ಒಂದು ಗಂಟೆ, ಅದರ ಮುಂದೆ ನಡಿಗೆ ಮೇಷ್ಟ್ರ ರುಜು. ಮಗು ನಡೆಯಲು ಒಲ್ಲೆ ಅನ್ನುತ್ತೆ, ಮನೆಯಲ್ಲಿ ಸುಳ್ಳು ಹೇಳುತ್ತೆ, ನೀವೇ ಅವಳಿಗೆ ಚಂಡಿ ಅಂತ ಹೆಸರಿಟ್ಟಿದ್ದೀರಲ್ಲ ಎಂದು ನಕ್ಕಳು. ಮೊಳೆಯಕ್ಕನೂ ನಕ್ಕಳು. ಮನೆಗೆ ಬಂದು ಮಗುವನ್ನು ಗದರಿದಳು. ಅವತ್ತಿನಿಂದ ಚಂಡಿ ಆ ಮಾತು ಎತ್ತಲಿಲ್ಲ.

ಶಾಲೆಯ ವರ್ಷ ಮುಗಿಯಲು ಒಂದು ತಿಂಗಳಿದೆ ಎನ್ನುವಾಗ ಅಂಚೆಯಲ್ಲಿ ನೋಟಿಸ್ ಬಂತು. ಈ ಸಾಲಿನಲ್ಲಿ ಮಗುವಿಗೆ ನೂರ ತೊಂಬತ್ತಾರು ಗಂಟೆಗಳ ನಡಿಗೆ ತರಬೇತಿ ನೀಡಲಾಗಿದ್ದು ಯಾವುದೇ ಪ್ರಗತಿ ಕಂಡುಬಂದಿರುವುದಿಲ್ಲ. ಆದ್ದರಿಂದ ಹೆಸರನ್ನು ಶಾಲಾ ಪಟ್ಟಿಯಿಂದ ತೆಗೆದು ಮನೆ ಪಟ್ಟಿಗೆ ಸೇರಿಸಲಾಗುವುದು. ಆಕ್ಷೇಪಣೆ ಇದ್ದಲ್ಲಿ ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು. ಕೆಳಗೆ ತಪಾಸಣಾಧಿಕಾರಿಯ ರುಜು. ಮನೆ ಪಟ್ಟಿ ಎಂದರೆ ಏನೆಂದು ಆ ಬೀದಿಗೆ ಗೊತ್ತಿತ್ತು. ಹಿಂದಿನ ಸಾಲಿನ ಮನೆಯ ಒಂದು ಮಗು ಮೂರು ವರ್ಷದಿಂದ ಮನೆ ಪಟ್ಟಿಯಲ್ಲಿತ್ತು. ತಿಂಗಳಿಗೊಮ್ಮೆ ಬರಬೇಕಾದ ಟೀಚರನ್ನು ಅವರು ಎರಡು ಸಲ ಕಂಡಿದ್ದರು. ಆ ಮಗು ಈಗ ಕಿಟಕಿ ಸರಳು ಹಿಡಿದು ಬೀದಿ ನೋಡುವುದನ್ನೇ ಶಾಲೆ ಮಾಡಿಕೊಂಡಿತ್ತು.

ಮರುದಿನ ಶಾಲೆಯ ವ್ಯಾನಿನವನು ಚಂಡಿಯ ಜೊತೆ ಒಂದು ಚೀಲವನ್ನೂ ಇಳಿಸಿ ಹೋದ. ಆಕ್ಷೇಪಣೆಯ ಹದಿನೈದು ದಿನಕ್ಕೂ ಕಾಯುವ ವ್ಯವಧಾನ ಅವರಿಗಿರಲಿಲ್ಲ. ಚೀಲದಲ್ಲಿ ತಟ್ಟೆ, ಲೋಟ, ಟವೆಲು, ಒಂದು ಸ್ಲೇಟು, ತಳದಲ್ಲಿ ಕಂಬಿ ಬೂಟು.

ಮೊಳೆಯಕ್ಕ ಅಭ್ಯಾಸಬಲದಿಂದ ಬೂಟನ್ನು ತಿರುಗಿಸಿದಳು. ತಿರುಗಿಸಿದ ಕೈ ಅಲ್ಲೇ ನಿಂತಿತು.

ಅಟ್ಟೆ ಹೇಗೆ ಕೊಟ್ಟಿದ್ದಳೋ ಹಾಗೇ ಇತ್ತು. ಅಂಚಿನ ಮೇಣ ಕೂಡ ಕರಗಿರಲಿಲ್ಲ. ಹತ್ತೊಂಬತ್ತು ಮೊಳೆಗಳ ತಲೆಯ ಮೇಲೂ ಅವಳು ಹಚ್ಚಿದ ಕಪ್ಪು ಹಾಗೇ ಕೂತಿತ್ತು. ಸಿಮೆಂಟು ನೆಲದ ಮೇಲೆ ಒಂದು ವಾರ ನಡೆದರೆ ಸಾಕು, ಅಲ್ಲಲ್ಲಿ ಕಪ್ಪು ಹಾರಿ ಹಿತ್ತಾಳೆ ಹಳದಿ ಹಲ್ಲು ಕಿರಿಯಬೇಕು. ನೂರ ತೊಂಬತ್ತಾರು ಗಂಟೆಗೆ ಮೊಳೆಯ ತಲೆಯೇ ಮಾಯವಾಗಬೇಕು. ಚಂಡಿಯ ಬಲಪಾದ ಎಳೆದುಕೊಂಡು ಬೂಟಿಗೆ ಹಾಕಿ ನೋಡಿದಳು. ಹಿಮ್ಮಡಿ ಒಳಗೆ ಇಳಿಯಲೇ ಇಲ್ಲ. ಪಾದ ಹೆಬ್ಬೆರಳಿನಗಲ ಬೆಳೆದಿತ್ತು. ಪುಸ್ತಕದ ಪ್ರಕಾರ ಹೋದ ವಾರವೂ ಮಗು ಈ ಬೂಟಿನಲ್ಲಿ ನಡೆದಿತ್ತು.

ಚಂಡಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಎಳೆದೆಳೆದು ಕೇಳಿದಳು: "ನಾನು... ಹೇಳ್ಲಿಲ್ವಾ?"

"ಹೇಳಿದ್ದೆ ಕಣೇ," ಎಂದಳು ಮೊಳೆಯಕ್ಕ. "ಊರಿನವರ ಕಾಲೆಲ್ಲ ಓದಿದೆ, ನಿನ್ನ ಬಾಯಿ ಓದಲಿಲ್ಲ."

ಸಂಜೆ ಮಗಳು ಕಾರ್ಖಾನೆಯಿಂದ ಬಂದು ನೋಟಿಸ್ ಓದಿ ಅಲ್ಲೇ ಕುಸಿದಳು. ತಾಯಿ ಬೂಟು ತೋರಿಸಿ ನಾಳೆಯೇ ಕಚೇರಿಗೆ ಹೋಗುತ್ತೇನೆ ಎಂದಾಗ ಮಾತ್ರ ಎದ್ದು ಕೂತು ರೇಗಿದಳು. ಆ ಜನರನ್ನು ಎದುರು ಹಾಕಿಕೊಂಡರೆ ಸರ್ಟಿಫಿಕೇಟಿಗೆ, ವೀಲ್‌ಚೇರಿಗೆ, ಎಲ್ಲದಕ್ಕೂ ಅಡ್ಡಗಾಲು ಹಾಕುತ್ತಾರೆ ಎಂಬುದು ಅವಳ ಭಯ. "ಮನೆ ಪಟ್ಟಿನಾದ್ರೂ ಉಳೀಲಿ ಸುಮ್ನಿರಮ್ಮ," ಎಂದಳು.

ಸುಮ್ಮನಿರುವುದು ಹೇಗೆಂದು ತನಗೆ ಗೊತ್ತಿದೆ, ಏಳು ಮೊಳೆ ಬಾಯಲ್ಲಿಟ್ಟುಕೊಂಡರೆ ಆಯಿತು, ಆದರೆ ಇವತ್ತು ಮೊಳೆ ಪೆಟ್ಟಿಗೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದಳು ತಾಯಿ.

ತಪಾಸಣೆಯ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಅಂಗವಿಕಲ ಮಕ್ಕಳ ಕಚೇರಿಯನ್ನು ಲಿಫ್ಟಿಲ್ಲದ ಕಟ್ಟಡದ ಎರಡನೆಯ ಮಹಡಿಯಲ್ಲಿಟ್ಟ ಪುಣ್ಯಾತ್ಮ ಯಾರು ಎಂದು ಮೊಳೆಯಕ್ಕ ಮೆಟ್ಟಿಲು ಮೆಟ್ಟಿಲಿಗೂ ನೆನೆದಳು. ಚಂಡಿಯನ್ನು ಬೆನ್ನ ಮೇಲೆ ಹೊತ್ತಿದ್ದಳು, ಕೈಯಲ್ಲಿ ಚೀಲ. ಕೋಣೆಯೊಳಗೆ ಗಾಜು ಹಾಸಿದ ಮೇಜು, ಮೇಜಿನ ಹಿಂದೆ ಕನ್ನಡಕವನ್ನು ತಲೆಗೇರಿಸಿದ ತಪಾಸಣೆ ಮೇಡಂ, ಮೂಲೆಯಲ್ಲೊಬ್ಬ ಗುಮಾಸ್ತ. ದೊಡ್ಡ ಟೀಚರ್ ರುಜು ಹಾಕಿಸಲು ಮೊದಲೇ ಬಂದು ಪುಸ್ತಕ ತೆರೆದಿಟ್ಟು ಕೂತಿದ್ದಳು. ಮೇಡಂ ಸಭ್ಯವಾಗಿಯೇ ಮಾತಾಡಿದರು. ದಾಖಲೆ ಎಲ್ಲ ಸರಿಯಾಗಿದೆಯಮ್ಮ, ತರಬೇತಿ ಕೊಟ್ಟಿದ್ದಾರೆ, ಮಗುವಿನ ದೇಹವೇ ಒಪ್ಪದಿದ್ದರೆ ಯಾರೇನು ಮಾಡಕ್ಕಾಗುತ್ತೆ ಎಂದರು.

ಮೊಳೆಯಕ್ಕ ಚಂಡಿಯನ್ನು ಕುರ್ಚಿಯಲ್ಲಿ ಕೂರಿಸಿ, ಚೀಲದಿಂದ ಬೂಟು ತೆಗೆದು, ತಳ ಮೇಲಾಗಿ ತೆರೆದ ಪುಸ್ತಕದ ಮೇಲೆಯೇ ಇಟ್ಟಳು.

ದೊಡ್ಡ ಟೀಚರ್ ಹೌಹಾರಿದಳು. "ಮೇಜಿನ ಮೇಲೆ ಬೂಟು ಇಡ್ತೀಯಾ?"

"ಪುಸ್ತಕ ಇಡಬಹುದು, ಬೂಟು ಇಡಬಾರದಾ? ಎರಡೂ ನಿಮ್ಮ ಶಾಲೆದೇ. ಎರಡರಲ್ಲಿ ಒಂದು ಸುಳ್ಳು ಹೇಳ್ತಾ ಇದೆ," ಎಂದು ಮೇಡಂ ಕಡೆ ತಿರುಗಿದಳು ಮೊಳೆಯಕ್ಕ. "ಬೂಟಿಗೆ ಬರೆಯೋಕೆ ಬರಲ್ಲ ಮೇಡಂ."

ಆಮೇಲೆ ಮೊಳೆಗಳ ಕಪ್ಪು ತೋರಿಸಿದಳು, ಅಂಚಿನ ಮೇಣ ತೋರಿಸಿದಳು. ದೊಡ್ಡ ಟೀಚರ್ ಸುಲಭಕ್ಕೆ ಸೋಲುವ ಆಸಾಮಿಯಲ್ಲ. ಶಾಲೆಯಲ್ಲಿ ಮಕ್ಕಳನ್ನು ಬರಿಗಾಲಲ್ಲಿ ಚಾಪೆ ಮೇಲೆ ನಡೆಸುತ್ತೇವೆ, ಅಟ್ಟೆ ಸವೆಯುವುದು ಹೇಗೆ ಎಂದಳು. ಮೊಳೆಯಕ್ಕ ಬೂಟಿನ ಹಿಮ್ಮಡಿಯ ಕೊಳವೆಯಲ್ಲಿ ಕಿರುಬೆರಳು ತೂರಿಸಿದಳು. ಕಂಬಿಯ ಕಾಲು ಕೂರುವುದು ಇಲ್ಲಿ. ಬೂಟಿಲ್ಲದೆ ಕಂಬಿ ನಿಲ್ಲದು, ಕಂಬಿಯಿಲ್ಲದೆ ಮಗು ನಿಲ್ಲದು. ಬರಿಗಾಲಲ್ಲಿ ನಡೆಸಿದ್ದರೆ ಅದು ತರಬೇತಿಯಲ್ಲ, ಪವಾಡ. ಪವಾಡವಾಗಿದ್ದರೆ ಪ್ರಗತಿ ಇಲ್ಲ ಅಂತ ಯಾಕೆ ಬರೆದಿರಿ ಎಂದು ಕೇಳಿದಳು. ಮೂಲೆಯ ಗುಮಾಸ್ತನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಮೇಡಂ ಕನ್ನಡಕ ಕಣ್ಣಿಗಿಳಿಸಿದರು. ಒಂದು ಅಟ್ಟೆ ನೋಡಿ ಇಷ್ಟೆಲ್ಲ ಹೇಳಲಾದೀತೇ ಎಂದು ಅವರ ಅನುಮಾನ.

"ನಿಮ್ಮ ಚಪ್ಪಲಿ ಒಂದು ಗಳಿಗೆ ಬಿಡಿ ಮೇಡಂ."

ಏನನ್ನಿಸಿತೋ, ಮೇಡಂ ಬಿಟ್ಟರು. ಮೊಳೆಯಕ್ಕ ಎರಡನ್ನೂ ತಿರುಗಿಸಿ ಬೆಳಕಿಗೆ ಹಿಡಿದಳು. "ಚೀಲ ಎಡ ಹೆಗಲಿಗೆ ಹಾಕ್ತೀರಿ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಚುಳುಕ್ ಅನ್ನುತ್ತೆ, ಅದಕ್ಕೆ ಎಡಕ್ಕೆ ಭಾರ ಹಾಕ್ತೀರಿ. ಚಪ್ಪಲಿ ತಗೊಂಡು ಎರಡು ವರ್ಷ ಆಗಿದೆ." ಇಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ನಮ್ಮ ಶಾಲೆ ಅಂಗಳಕ್ಕೆ ಜಲ್ಲಿ ಹಾಕಿದ್ದಾರೆ. ಜಲ್ಲಿ ತುಳಿದ ಅಟ್ಟೆಗೆ ಗೀರು ಬೀಳುತ್ತೆ. ಇದರಲ್ಲಿ ಒಂದೂ ಗೀರಿಲ್ಲ. ಇದು ನುಣುಪು ನೆಲದಲ್ಲೇ ಸವೆದ ಚಪ್ಪಲಿ."

ಗುಮಾಸ್ತ ಈ ಸಲ ಕೆಮ್ಮಲಿಲ್ಲ. ಮೇಡಂ ಮುಖ ಕೆಂಪಾಯಿತು. ಎರಡು ವರ್ಷದಿಂದ ಶಾಲೆಯ ತಪಾಸಣೆ ಎಂದರೆ ಪುಸ್ತಕಗಳು ಈ ಮೇಜಿಗೆ ಬರುವುದು, ರುಜು ಬೀಳುವುದು, ವಾಪಸು ಹೋಗುವುದು, ಅಷ್ಟೇ ಆಗಿತ್ತು. ಮೂವತ್ತೆಂಟು ಶಾಲೆಗೆ ನಾನೊಬ್ಬಳು, ಜೀಪಿಲ್ಲ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಆಮೇಲೆ, ಚಂಡಿಯ ಹೆಸರನ್ನು ಪಟ್ಟಿಯಲ್ಲೇ ಉಳಿಸಿಕೊಡುತ್ತೇನೆ, ಆಕ್ಷೇಪಣೆ ವಾಪಸು ತಗೊಳ್ಳಿ, ಇಲ್ಲಿಗೆ ಮುಗಿಸೋಣ ಎಂದರು. ದೊಡ್ಡ ಟೀಚರ್ ತಲೆಯಾಡಿಸಿದಳು.

ಮೊಳೆಯಕ್ಕ ಚಂಡಿಯ ಕಡೆ ನೋಡಿದಳು. ಬಂದ ಕೆಲಸ ಆಗಿತ್ತು. ಬೂಟು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರೆ ಮಗಳ ಮುಖದಲ್ಲಿ ನಗು ಕಾಣಬಹುದಿತ್ತು. ಆದರೆ ಆ ಬೀರುವಿನೊಳಗೆ ತನ್ನ ಕೈಯ ಇನ್ನೂ ಹತ್ತು ಜೊತೆ ಇದ್ದವು.

"ಹೆಸರು ಉಳಿಸಿ ನಡಿಗೆ ಕೊಡದಿದ್ರೆ ಅದು ಯಾವ ಸೀಮೆ ಶಾಲೆ," ಎಂದಳು. "ನಂಗೆ ಒಂದು ಬೂಟಿನ ನ್ಯಾಯ ಬೇಡ. ಬೀರು ತೆಗೆಸಿ, ಹನ್ನೊಂದೂ ನೋಡಿ. ನನ್ನದು ಸುಳ್ಳಾದ್ರೆ ಇವಳ ಹೆಸರು ನನ್ನ ಎದುರಿಗೇ ಹೊಡೆದು ಹಾಕಿ."

ಹಾಗಾದರೆ ನಿಯಮದ ಪ್ರಕಾರ ಎಂಟು ದಿನ ಮುಂಚೆ ಶಾಲೆಗೆ ಲಿಖಿತವಾಗಿ ತಿಳಿಸಿ ತಪಾಸಣೆಗೆ ಬರುತ್ತೇನೆ ಎಂದರು ಮೇಡಂ. ಎಂಟು ದಿನದಲ್ಲಿ ನಾನು ಎಂಟು ಜೊತೆಗೆ ಹೊಸ ಅಟ್ಟೆ ಹಾಕಬಲ್ಲೆ, ಅವರು ಏನೇನು ಹಾಕಬಲ್ಲರೋ ಎಂದಳು ಮೊಳೆಯಕ್ಕ. ನಿಯಮ ನಿಯಮವೇ ಎಂದರು ಮೇಡಂ.

ಮನೆಯಲ್ಲಿ ಮಗಳು ಆ ಎಂಟು ದಿನವೂ ಗಂಟುಮುಖ ಬಿಚ್ಚಲಿಲ್ಲ. ಕೈಗೆ ಬಂದದ್ದನ್ನು ಒದ್ದು ಬಂದೆಯಲ್ಲ, ಊರ ಮಕ್ಕಳನ್ನೆಲ್ಲ ಉದ್ಧಾರ ಮಾಡೋ ಗುತ್ತಿಗೆ ನಿನಗ್ಯಾರು ಕೊಟ್ಟರು ಎಂದು ಒಂದೇ ಸಲ ಕೇಳಿ ಬಾಯಿ ಮುಚ್ಚಿದಳು. ಮೊಳೆಯಕ್ಕನಿಗೂ ಒಳಗೊಳಗೇ ಹೆದರಿಕೆ ಇತ್ತು. ಚಂಡಿಗೆ ಮಾತ್ರ ಖುಷಿಯೋ ಖುಷಿ. ತನ್ನ ಮಾತು ನಂಬಿ ಒಬ್ಬರು ಮೇಜಿನ ಮೇಲೆ ಬೂಟು ಇಟ್ಟದ್ದು ಅವಳ ಒಂಬತ್ತು ವರ್ಷದಲ್ಲಿ ಇದೇ ಮೊದಲು.

ತಪಾಸಣೆಯ ದಿನ ಮೊಳೆಯಕ್ಕ ಚಂಡಿಯನ್ನು ಹೊತ್ತು ತಂದು ಮಕ್ಕಳ ಚಾಪೆಯ ಮೇಲೆ ಕೂರಿಸಿದಳು. ಶಾಲೆಯ ಜಗಲಿ ತೊಳೆದು ಒರೆಸಿ ಫಳಫಳ ಅನ್ನುತ್ತಿತ್ತು. ಮೇಡಂ ಬಂದು ಕುರ್ಚಿಯಲ್ಲಿ ಕೂತರು. ದೊಡ್ಡ ಟೀಚರ್ ಸೊಂಟದ ಕೀಲಿ ತೆಗೆದು ಬೀರು ತೆರೆದಳು. ಹತ್ತು ಜೊತೆ ಬೂಟುಗಳನ್ನು ತಂದು ಜಗಲಿಯ ಮೇಲೆ ಸಾಲಾಗಿ ಕವುಚಿಟ್ಟರು.

ಹತ್ತೂ ಜೊತೆಯ ಅಟ್ಟೆ ಸವೆದಿತ್ತು. ಮೊಳೆಗಳು ಚಿನ್ನದಂತೆ ಹೊಳೆಯುತ್ತಿದ್ದವು.

ಮೇಡಂ ಮೊಳೆಯಕ್ಕನನ್ನು ನೋಡಿದರು. ದೊಡ್ಡ ಟೀಚರ್ ಸೆರಗು ಸರಿಮಾಡಿಕೊಂಡು ಠೀವಿಯಿಂದ ನಿಂತಳು. ಹಿಂದೆ ಬಾಗಿಲ ಬಳಿ ನಡಿಗೆ ಮೇಷ್ಟ್ರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ. ಮೂವತ್ತರ ಆಸುಪಾಸಿನ ಬಡಕಲು ಮನುಷ್ಯ. ಗೋಡೆಗೊರಗಿ ಚಾಪೆಯ ಮೇಲೆ ಕೂತ ಮಕ್ಕಳು ಬೂಟುಗಳನ್ನು ಪರಕೀಯರನ್ನು ನೋಡಿದಂತೆ ನೋಡುತ್ತಿದ್ದವು.

ಚಂಡಿಯ ಹೆಸರನ್ನು ಮೊಳೆಯಕ್ಕ ತಾನೇ ಪಣಕ್ಕಿಟ್ಟಿದ್ದಳು. ಗೊತ್ತಿಲ್ಲದೆಯೇ ಕೈ ಸೊಂಟದ ಚೀಲಕ್ಕೆ ಹೋಯಿತು, ಮೂರು ಮೊಳೆ ತೆಗೆದು ಬಾಯಿಗಿಟ್ಟುಕೊಂಡಳು. ಹಾಗೆ ಮಾಡಿದರೇನೇ ಅವಳ ಕಣ್ಣು ಕೆಲಸಕ್ಕೆ ಕೂರುವುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಮೊದಲ ಬೂಟು ಕೈಗೆತ್ತಿಕೊಂಡಳು. ಆಮೇಲೆ ಎರಡನೆಯದು. ಐದನೆಯದರ ಹೊತ್ತಿಗೆ ಅವಳ ಹೆಗಲು ಅಲುಗತೊಡಗಿತು. ಮೇಡಂಗೆ ಇವಳು ಅಳುತ್ತಿದ್ದಾಳೆ ಅನ್ನಿಸಿರಬೇಕು, ನೀರು ತರಿಸಲೇ ಎಂದು ಕೇಳಿದರು. ಮೊಳೆಯಕ್ಕ ಒಂದು, ಎರಡು, ಮೂರು ಮೊಳೆ ಬಾಯಿಂದ ತೆಗೆದಳು. ಅವಳು ನಗುತ್ತಿದ್ದಳು.

"ಪಾದದ ನಡುವೆ ಗುಳಿ ಇರುತ್ತೆ ಮೇಡಂ. ಅಟ್ಟೆಗೂ ಅಲ್ಲಿ ಗುಳಿ ಬಿಟ್ಟಿದ್ದೀನಿ. ಆ ಜಾಗ ಹುಟ್ಟಿದಾಗಿಂದ ಸಾಯೋವರೆಗೂ ನೆಲ ಮುಟ್ಟಲ್ಲ. ಇಲ್ಲಿ ನೋಡಿ, ಗುಳಿಯಲ್ಲಿರೋ ಮೊಳೇನೂ ಹೊಳೀತಾ ಇದೆ."

ಮೊಳೆಯಕ್ಕ ಮುಂದುವರಿದಳು. ಈ ಬೂಟಿನ ಮಗು ಎಡಗಾಲು ಎಳೆಯುತ್ತದೆ, ಎಡದ ಮೂತಿ ಸವೆಯಬೇಕಿತ್ತು. ಆ ಬೂಟಿನ ಮಗು ತುದಿಗಾಲಲ್ಲಿ ನಿಲ್ಲುತ್ತದೆ, ಹಿಮ್ಮಡಿ ಹೊಸದಾಗಿರಬೇಕಿತ್ತು. ಇಲ್ಲಿ ನೋಡಿದರೆ ಎಲ್ಲ ಮಕ್ಕಳೂ ಸಿಪಾಯಿಗಳ ಹಾಗೆ ಸಮನಾಗಿ ನಡೆದಿದ್ದಾರೆ, ಅದೂ ಒಂದೇ ತೂಕದಲ್ಲಿ. ಅಟ್ಟೆ ಉಜ್ಜಿದವರು ಒಳಗೆ ಕೈ ಹಾಕುವುದನ್ನು ಮರೆತಿದ್ದರು. ಉಣ್ಣೆಯ ಮೆತ್ತೆ ಕೊಟ್ಟ ದಿನದಷ್ಟೇ ಬೆಳ್ಳಗಿತ್ತು, ಒಂದು ಬೆರಳಿನ ಗುರುತೂ ಇರಲಿಲ್ಲ.

ಕೊನೆಗೆ ಸಾಲಿನಿಂದ ಒಂದೇ ಒಂದು ಜೊತೆ ಎತ್ತಿ ಬೇರೆ ಇಟ್ಟಳು. ಅದರ ಬಲಗಾಲಿನ ಮೂತಿ ಸವೆದುಹೋಗಿತ್ತು, ಒಳಗಿನ ಮೆತ್ತೆ ಕಪ್ಪಾಗಿ ಐದು ಬೆರಳಿನ ಐದು ಗುಳಿ ಬಿದ್ದಿತ್ತು. ಇದೊಂದು ನಡೆದ ಬೂಟು ಎಂದಳು. ಅದು ಯಾರದೆಂದು ಮಕ್ಕಳಿಗೇ ಗೊತ್ತಿತ್ತು. ಶಾಲೆಗೆ ಯಾರೇ ದೊಡ್ಡವರು ಬಂದರೂ ಹೂಗುಚ್ಛ ಹಿಡಿದು ನಾಲ್ಕು ಹೆಜ್ಜೆ ನಡೆದು ಹೋಗಿ ಕೊಡುವ ಹುಡುಗಿಯದು. ಆ ನಾಲ್ಕು ಹೆಜ್ಜೆಗಾಗಿ ಅವಳನ್ನು ಮಾತ್ರ ವರ್ಷವಿಡೀ ನಡೆಸಿದ್ದರು.

ದೊಡ್ಡ ಟೀಚರ್, ಚಪ್ಪಲಿ ಹೊಲಿಯುವವಳ ಮಾತು ಕೇಳಿ ಮೂವತ್ತು ವರ್ಷದ ಸಂಸ್ಥೆಯನ್ನು ಅನುಮಾನಿಸುತ್ತೀರಾ ಎಂದು ದನಿಯೇರಿಸಿದಳು. ಮೊಳೆಯಕ್ಕ ಅವಳಿಗೆ ಕ್ಯಾರೇ ಅನ್ನದೆ ಬಾಗಿಲ ಕಡೆ ತಿರುಗಿದಳು.

"ಮೇಷ್ಟ್ರೇ, ಕೈ ತೋರಿಸಿ ಅನ್ನಲ್ಲ. ಅರ ಹಿಡಿದು ಅಭ್ಯಾಸ ಇಲ್ಲದವರಿಗೆ ಹೆಬ್ಬೆರಳ ಬುಡದಲ್ಲೇ ಬೊಕ್ಕೆ ಏಳೋದು. ಒಂದಿಷ್ಟು ಎಣ್ಣೆ ಹಚ್ಚಿ, ವಾಸಿಯಾಗುತ್ತೆ."

ನಡಿಗೆ ಮೇಷ್ಟ್ರು ಬೆನ್ನ ಹಿಂದಿನಿಂದ ಕೈ ಮುಂದೆ ತಂದ. ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ನಾಲ್ಕು ಶಾಲೆಗೆ ನಾನೊಬ್ಬನೇ ಮೇಡಂ," ಎಂದ. "ಇಲ್ಲಿಗೆ ಸೋಮವಾರ ಮಾತ್ರ ಬರ್ತೀನಿ. ಬಂದ ದಿನಾನೂ ಕಂಪ್ಯೂಟರ್ ಮುಂದೆ ಕೂರಿಸ್ತಾರೆ, ವರದಿ ಟೈಪ್ ಮಾಡೋಕೆ. ಪುಸ್ತಕ ತಿಂಗಳಿಗೊಂದು ಸಲ ತುಂಬಿಸ್ತೀನಿ. ನಿನ್ನೆ ಹೇಳಿ ಕರೆಸಿದ್ರು, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಒಂಬತ್ತು ಜೊತೆ ಉಜ್ಜಿದೆ." ಮಾತು ಮುಗಿದ ಮೇಲೆ ಅವನ ಮುಖದಲ್ಲಿ ಅವಮಾನಕ್ಕಿಂತ ಹೆಚ್ಚಾಗಿ ಭಾರ ಇಳಿಸಿದವನ ಸುಸ್ತು ಕಾಣುತ್ತಿತ್ತು.

ಮೇಡಂ ಹೋದ ವರ್ಷದ ತಮ್ಮದೇ ವರದಿ ತೆಗೆದು ನೋಡಿದರು. ನಡಿಗೆ ತರಬೇತಿ ತೃಪ್ತಿಕರ ಎಂದಿತ್ತು, ಕೆಳಗೆ ತಮ್ಮದೇ ರುಜು. ಫೈಲು ಮುಚ್ಚಿ, ಎಲ್ಲವನ್ನೂ ಮೇಲಿನವರ ಗಮನಕ್ಕೆ ತರುತ್ತೇನೆ, ಕ್ರಮ ತಗೊಳ್ಳುತ್ತೇವೆ, ನೀವಿನ್ನು ಹೊರಡಿ ಎಂದರು.

ಮೊಳೆಯಕ್ಕ ಹೊರಡಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ, ಅಂಗಡಿಯಲ್ಲಿ ಕೂರುವ ಹಾಗೆಯೇ ಕಾಲು ಚಾಚಿ ಕೂತಳು. ಬಾಯಲ್ಲಿ ಹೇಳಿದ್ದು ಜಗಲಿ ದಾಟುವಷ್ಟರಲ್ಲಿ ಆರಿಹೋಗುತ್ತದೆ, ನನ್ನ ಮೊಮ್ಮಗಳ ಮೇಲೆ ಬರೆದದ್ದು ಕಾಗದದ ಮೇಲೆ ತಾನೆ, ಇದೂ ಕಾಗದದ ಮೇಲೇ ಬರಲಿ ಎಂದಳು. ಮೇಡಂ ಗಡಿಯಾರ ನೋಡಿದರು. ಇವಳ ಕಾಲು ದಾಟಿ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಆಗ ಚಾಪೆಯ ಮೇಲಿಂದ ಚಂಡಿಯ ದನಿ ಎಳೆದೆಳೆದು ಬಂತು.

"ಬ... ರೀ... ರಿ."

ಮೇಡಂ ಬರೆದರು. ಅರ್ಧ ಗಂಟೆ ಹಿಡಿಯಿತು. ಚಂಡಿಯ ನೋಟಿಸ್ ರದ್ದು. ಕೊಡದ ಗಂಟೆಗಳನ್ನು ಬರುವ ವರ್ಷದ ಗಂಟೆಗಳ ಜೊತೆಗೆ ಸೇರಿಸಿ ಕೊಡತಕ್ಕದ್ದು. ನಡಿಗೆ ಮೇಷ್ಟ್ರನ್ನು ಟೈಪಿಂಗಿಗೆ ಕೂರಿಸತಕ್ಕದ್ದಲ್ಲ, ಇನ್ನೊಬ್ಬರನ್ನು ನೇಮಿಸಲು ಶಿಫಾರಸು. ಬೂಟುಗಳನ್ನು ಪ್ರತಿ ಶನಿವಾರ ಮನೆಗೆ ಕಳಿಸತಕ್ಕದ್ದು. ಮುಂದಿನ ತಪಾಸಣೆ ಮುನ್ಸೂಚನೆ ಇಲ್ಲದೆ. ಮೊಳೆಯಕ್ಕ ಕಾಗದವನ್ನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಒಂದು ಕಡೆ ಬೆರಳು ನಿಂತಿತು.

"ಕೆಲವು ಮಕ್ಕಳಿಗೆ ತರಬೇತಿ ದೊರೆತಿಲ್ಲ ಅಂತ ಬರೆದಿದ್ದೀರಿ. ಕೆಲವು ಅಂದ್ರೆ ಎಷ್ಟು ಮೇಡಂ? ನಾನು ಕೆಲವು ಬೂಟು ಮಾಡಿಲ್ಲ."

ಮೇಡಂ 'ಕೆಲವು' ಹೊಡೆದು ಹಾಕಿ, ಮೇಲೆ 'ಹನ್ನೊಂದರಲ್ಲಿ ಹತ್ತು' ಎಂದು ಬರೆದು, ಪಕ್ಕದಲ್ಲಿ ರುಜು ಹಾಕಿದರು. ಆಗ ಮೊಳೆಯಕ್ಕ ಕಾಲು ಮಡಚಿ ದಾರಿ ಬಿಟ್ಟಳು.

ಇದರಿಂದ ಲೋಕವೇನೂ ತಲೆಕೆಳಗಾಗಲಿಲ್ಲ. ದೊಡ್ಡ ಟೀಚರ್ ಅದೇ ಕುರ್ಚಿಯಲ್ಲಿ ಉಳಿದಳು, ಮೊಳೆಯಕ್ಕನನ್ನು ಕಂ‍ಡರೆ ಮುಖ ತಿರುಗಿಸುವುದನ್ನು ಕಲಿತಳು. ಎರಡನೆಯ ನಡಿಗೆ ಮೇಷ್ಟ್ರು ಬರಲು ಐದು ತಿಂಗಳು ಬೇಕಾಯಿತು. ಆದರೆ ಮೊದಲನೆಯವನು ಕಂಪ್ಯೂಟರ್ ಮುಂದೆ ಕೂರುವುದು ನಿಂತಿತು. ಮೊಳೆಯಕ್ಕ ಹತ್ತು ಮಕ್ಕಳ ಪಾದಗಳ ಗೆರೆ ಹೊಸದಾಗಿ ಎಳೆದುಕೊಂಡು ಬಂದು ಹೊಸ ಬೂಟು ಮಾಡಿದಳು. ಮಗಳು ಗಂಟುಮುಖ ಬಿಚ್ಚಿದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ಒಂದು ಭಾನುವಾರ ತಾನಾಗಿ ಬಂದು ಮೊಳೆಗಳಿಗೆ ಕಪ್ಪು ಹಚ್ಚಲು ಕೂತಳು.

ಮೊದಲ ಶನಿವಾರ ಚಂಡಿ ಬೂಟನ್ನು ಅಜ್ಜಿಯ ಮಡಿಲಿಗೆ ಎಸೆದಳು. ಬಲಗಾಲಿನ ಮೂತಿಯ ಹೊರ ಅಂಚಿನಲ್ಲಿ ಎರಡು ಮೊಳೆಯ ಕಪ್ಪು ಹಾರಿತ್ತು. ಎರಡನೆಯ ಶನಿವಾರ ನಾಲ್ಕು. ಗುಳಿಯ ಮೊಳೆಗಳು ಕಪ್ಪಾಗಿಯೇ ಇದ್ದವು. ಒಂದು ಶನಿವಾರ ಒಂದು ಮೊಳೆಯೂ ಹೆಚ್ಚಾಗದಿದ್ದಾಗ, ಮೊಳೆಯಕ್ಕ ಸೋಮವಾರ ಅಂಗಡಿ ತೆರೆಯುವ ಮುಂಚೆ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಬೂಟಿನ ತಳ ಕಾಣುವಂತೆ ತಿರುಗಿಸಿ ಹಿಡಿದಿದ್ದಳು. ಮುಂದಿನ ಶನಿವಾರಕ್ಕೆ ಮೂರು ಹೆಚ್ಚಾಗಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ತಪಾಸಣೆ ಮೇಡಂ ತಗಡಿನ ಮಾಡಿನ ಕೆಳಗೆ ಬಂದು ನಿಂತರು. ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಮೊಳೆಯಕ್ಕನ ಬಾಯಲ್ಲಿ ಏಳು ಮೊಳೆ. ಚಪ್ಪಲಿಯನ್ನು ಅವಳು ಕೈಗೆ ತೆಗೆದುಕೊಳ್ಳುವ ಮೊದಲೇ, ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ಕಂಬಿ ಬೂಟಿನ ಮೇಲೆ ನಿಂತಿದ್ದ ಚಂಡಿ ಕಸಿದುಕೊಂಡು ತಿರುಗಿಸಿದಳು. ಮೂಗಿನ ಹತ್ತಿರ ಹಿಡಿದು, ಅಜ್ಜಿ ಮಾಡುವ ಹಾಗೆಯೇ ಒಂದು ಕಣ್ಣು ಕಿರಿದು ಮಾಡಿ ನೋಡಿದಳು. ಅಟ್ಟೆಯ ತುಂಬ ಜಲ್ಲಿಯ ಗೀರು.

"ನಮ್ಮ... ಶಾಲೇದು," ಎಂದಳು ಬೆರಳಿಟ್ಟು.

ಮೇಡಂ ನಕ್ಕರು. ಹೌದು, ಬೆಳಿಗ್ಗೆ ಹೇಳದೇ ಕೇಳದೇ ಹೋಗಿದ್ದೆ ಎಂದರು.

ಮೊಳೆಯಕ್ಕ ಚಪ್ಪಲಿಯನ್ನು ಇಸಿದುಕೊಂಡು ತಾನೂ ನೋಡಿದಳು. ಆಮೇಲೆ ಒಂದೇ ಒಂದು ಮೊಳೆ ಬಾಯಿಂದ ತೆಗೆದು, ಉಳಿದ ಆರರ ಸಂದಿಯಿಂದಲೇ ಹೇಳಿದಳು: "ಇನ್ನೂ ಮೂವತ್ತೇಳು ಶಾಲೆ ಇದೆ ಮೇಡಂ. ಗಟ್ಟಿ ಅಟ್ಟೇನೇ ಹಾಕ್ತೀನಿ."